ಗೋವಿನಜೋಳದ ಮೊಳಕೆ ಮತ್ತು ಕ್ರಿಯಾಶೀಲ ಆಮ್ಲಜನಕ: ಅಧ್ಯಯನದ ಇತಿಹಾಸ

ಗೋವಿನಜೋಳದ (ಮೆಕ್ಕೆಜೋಳ, ಮುಸುಕಿನ ಜೋಳ) ಬೀಜ ನೀರು ಹೀರಿ ಉಸಿರಾಡತೊಡಗಿದ ಕೂಡಲೇ ಅದರ ಜೀವಕೋಶಗಳಲ್ಲಿ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ಎಂಬ ಆಮ್ಲಜನಕದ ಚುರುಕು ರೂಪಗಳು (ಕ್ರಿಯಾಶೀಲ ಆಮ್ಲಜನಕ) ಹುಟ್ಟುತ್ತವೆ. ಚಳಿ, ಜವಳು, ಬರ, ಉಪ್ಪು ಕಾಡಿದಾಗ ಇವು ಮಿತಿಮೀರಿ ಕೋಶದ ಪೊರೆ, ಪ್ರೋಟೀನು, ಡಿಎನ್‌ಎಗಳನ್ನು ಕೆಡಿಸುತ್ತವೆ. ಮಿತಿಯಲ್ಲಿದ್ದರೆ ಮೊಳಕೆಯೊಡೆಯಲು ನೆರವಾಗುವುದೂ ಇವೇ. ಈ ಎರಡನೆಯ ಗುಣ ತಿಳಿದದ್ದು ಬಹಳ ತಡವಾಗಿ.

ಹೈಡ್ರೋಜನ್ ಪೆರಾಕ್ಸೈಡನ್ನು 1818ರಲ್ಲಿ ಫ್ರಾನ್ಸಿನ ಥೆನಾರ್ ಕಂಡುಹಿಡಿದ. 1954ರಲ್ಲಿ ರೆಬೆಕಾ ಗರ್ಶ್‌ಮನ್ ಮತ್ತು ಸಂಗಡಿಗರು ಆಮ್ಲಜನಕದ ವಿಷತ್ವಕ್ಕೆ ಇಂಥ ರೂಪಗಳೇ ಕಾರಣವೆಂದರು. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಸೂಪರ್‌ಆಕ್ಸೈಡನ್ನು ನಿವಾರಿಸುವ ಕಿಣ್ವವನ್ನು ಗುರುತಿಸಿದರು. ಅಲ್ಲಿಯವರೆಗಿನ ಚರ್ಚೆಯಲ್ಲಿ ಇವು ಬರೀ ಹಗೆಗಳು.

ಈ ತಿಳಿವಳಿಕೆ ಬದಲಾದ ಕಥೆಯಲ್ಲಿ ಗೋವಿನಜೋಳಕ್ಕೆ ದೊಡ್ಡ ಪಾತ್ರವಿದೆ. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಕ್ಯಾಟಲೇಸ್ ಕಿಣ್ವದ ಮೂರು ವಂಶವಾಹಿಗಳನ್ನು ಜಾನ್ ಸ್ಕ್ಯಾಂಡಲಿಯೋಸ್ 1960ರ ದಶಕದಿಂದ ಈ ಬೆಳೆಯಲ್ಲೇ ಬೆನ್ನುಹತ್ತಿದರು. ಮೊಳೆಯುವ ದಿನಗಳಲ್ಲಿ ಈ ಕಿಣ್ವದ ರೂಪಗಳು ಒಂದರ ನಂತರ ಒಂದು ಸರದಿ ಹಿಡಿಯುತ್ತವೆ. ಕಾಳಿನ ಎಣ್ಣೆಯ ಬಹುಪಾಲು ಭ್ರೂಣದಲ್ಲಿರುವುದರಿಂದ ಈ ಕಾವಲು ಇಲ್ಲಿ ಅಗತ್ಯ: ಆ ಎಣ್ಣೆ ಕರಗಿ ಸಕ್ಕರೆಯಾಗುವಾಗ ಪೆರಾಕ್ಸೈಡ್ ಧಾರಾಳವಾಗಿ ಹೊಮ್ಮುತ್ತದೆ.

ನಿರ್ಣಾಯಕ ಸಾಕ್ಷ್ಯ ಬಂದದ್ದು 1994ರಲ್ಲಿ. ತೊಟ್ಟೆಂಪೂಡಿ ಪ್ರಸಾದ್ ಮತ್ತು ಸಂಗಡಿಗರು ಕತ್ತಲಲ್ಲಿ ಬೆಳೆಸಿದ ಗೋವಿನಜೋಳದ ಎಳೆ ಸಸಿಗಳನ್ನು 4 ಡಿಗ್ರಿ ಸೆಲ್ಸಿಯಸ್ ಚಳಿಗೆ ಒಡ್ಡಿದರು. ನೇರವಾಗಿ ಚಳಿಗೆ ಬಿದ್ದವು ಸತ್ತವು. ಮೊದಲು 14 ಡಿಗ್ರಿಯಲ್ಲಿ ಇದ್ದವು ಬದುಕಿದವು. ಆ ಹದವಾದ ಚಳಿಯಲ್ಲಿ ಪೆರಾಕ್ಸೈಡ್ ತುಸು ಏರಿ, ಕ್ಯಾಟಲೇಸನ್ನು ಮೊದಲೇ ಎಬ್ಬಿಸಿತ್ತು. ಹೊರಗಿನಿಂದ ಪೆರಾಕ್ಸೈಡ್ ಕೊಟ್ಟರೂ ಸಸಿಗಳಿಗೆ ಅದೇ ತಾಳಿಕೆ ಬಂತು. ಪೆರಾಕ್ಸೈಡ್ ಎಚ್ಚರಿಕೆಯ ಸಂಕೇತವೂ ಹೌದೆಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ಕಡಿಮೆ. 2004ರಲ್ಲಿ ಜರ್ಮನಿಯ ಪೀಟರ್ ಶಾಪ್ಫರ್ ತಂಡ ಗೋವಿನಜೋಳದ ಬೇರಿನಲ್ಲಿ ಹೈಡ್ರಾಕ್ಸಿಲ್ ಕೋಶಭಿತ್ತಿಯನ್ನು ಸಡಿಲಿಸಿ ಬೇರು ನೀಳವಾಗಲು ನೆರವಾಗುವುದನ್ನು ತೋರಿಸಿತು. 2008ರಲ್ಲಿ ಪ್ಯಾರಿಸಿನ ಕ್ರಿಸ್ಟೋಫ್ ಬೇಯಿ ಮತ್ತು ಸಹಲೇಖಕರು ಬೀಜಗಳಿಗೆಲ್ಲ ಅನ್ವಯಿಸುವ ವಿವರಣೆ ಕೊಟ್ಟರು: ಕ್ರಿಯಾಶೀಲ ಆಮ್ಲಜನಕದ ಪ್ರಮಾಣ ತೀರ ಕಡಿಮೆಯಾದರೆ ಬೀಜ ಏಳದು, ಹೆಚ್ಚಾದರೆ ಸಾಯುತ್ತದೆ, ನಡುವಿನ ಮಿತಿಯಲ್ಲಿ ಮಾತ್ರ ಮೊಳೆಯುತ್ತದೆ.

ಹೊಲದಲ್ಲಿ ಇದರ ಅರ್ಥವೇನೆಂಬುದು ಗಡಿನಾಡಿನ ರೈತರಿಗೆ ಹತ್ತಿರದ ಸಂಗತಿ. ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲ್ಲೂಕನ್ನೇ ನೋಡಿ. ಸಹ್ಯಾದ್ರಿಗೆ ಹತ್ತಿರದ ಇಂಥ ನೆಲದಲ್ಲಿ ಮಿರಗದ ಮಳೆ ಬಿಡದೆ ಹೊಡೆದರೆ ತಗ್ಗಿನ ಹೊಲಗಳಲ್ಲಿ ನೀರು ನಿಲ್ಲುತ್ತದೆ. ಆಗ ಬೀಜಕ್ಕೆ ಉಸಿರು ಕಟ್ಟುತ್ತದೆ. ನೀರು ಇಳಿದು ಗಾಳಿ ಮರಳಿದಾಗ ಕ್ರಿಯಾಶೀಲ ಆಮ್ಲಜನಕ ಒಮ್ಮೆಲೇ ಉಕ್ಕಿ ಎರಡನೆಯ ಪೆಟ್ಟು ಕೊಡುತ್ತದೆ. ಕೊಲ್ಹಾಪುರದಲ್ಲಿ ಗೋವಿನಜೋಳದ ಸಂಶೋಧನಾ ಕೇಂದ್ರವಿದೆ. ಜವಳಿನಲ್ಲಿ ಮೊಳೆಯುವ ಶಕ್ತಿಗೆ ತಳಿ ಆಯ್ಕೆಯಲ್ಲಿ ಇನ್ನೂ ಹೆಚ್ಚು ತೂಕ ಸಿಗಬೇಕು.

ಕೂಡಿಟ್ಟ ಬೀಜದಲ್ಲೂ ಕ್ರಿಯಾಶೀಲ ಆಮ್ಲಜನಕದ ಇದೇ ಕ್ರಿಯೆ ನಿಧಾನವಾಗಿ ನಡೆದು ಭ್ರೂಣದ ಕೊಬ್ಬನ್ನು ಕೆಡಿಸುತ್ತದೆ. ತೇವ ಮತ್ತು ಸೆಕೆ ಅದನ್ನು ಚುರುಕುಗೊಳಿಸುತ್ತವೆ. ಪ್ರಮಾಣಿತ ಬೀಜದ ತೇವ ಶೇ. 12 ಮೀರಬಾರದೆಂಬ ನಿಯಮ ಈ ಕೆಡುಕನ್ನು ತಗ್ಗಿಸುತ್ತದೆ. ಬಿತ್ತುವ ಮುನ್ನ ಬೀಜವನ್ನು ರಾತ್ರಿಯಿಡೀ ನೆನೆಸುವ ಪದ್ಧತಿಯನ್ನು ಡೇವ್ ಹ್ಯಾರಿಸ್ ಮತ್ತು ಸಂಗಡಿಗರು ಭಾರತದ ಒಣಭೂಮಿ ರೈತರೊಂದಿಗೆ ಗೋವಿನಜೋಳ, ಭತ್ತ, ಕಡಲೆಗಳಲ್ಲಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಹೀಗೆ ನೆನೆದ ಬೀಜದಲ್ಲಿ ರಕ್ಷಕ ಕಿಣ್ವಗಳು ಮೊದಲೇ ಎದ್ದಿರುತ್ತವೆ. ನೆನೆಸಿದ್ದನ್ನು ಮೇಲ್ಮೈ ಆರಿಸಿ ಅದೇ ದಿನ ಬಿತ್ತಬೇಕು. ಔಷಧ ಲೇಪಿಸಿ ಮಾರುವ ಸಂಕರಣ ಬೀಜಕ್ಕೆ ಇದು ಸಲ್ಲದು, ಲೇಪನ ತೊಳೆದುಹೋಗುತ್ತದೆ.