ಕಣ್ಣಿಗೆ ಸೂಜಿ, ಸೋಂಕಿಗೆ ಮದ್ದು: ಜರ್ಮನಿಯ ನೇತ್ರವೈದ್ಯದ ಒಂದು ಅಧ್ಯಾಯ

ದಶಕಗಳ ಹಿಂದೆ ಜರ್ಮನಿಗೆ ಬಂದು ನೆಲೆಸಿದ ನಮ್ಮ ಕನ್ನಡ ಬಂಧುಗಳು ಇಂದು ಅಜ್ಜ-ಅಜ್ಜಿಯರಾಗಿದ್ದಾರೆ. ಮಧುಮೇಹದಿಂದಲೋ ವಯೋಸಹಜವಾದ ಮ್ಯಾಕುಲಾ ಸವೆತದಿಂದಲೋ ದೃಷ್ಟಿ ಮಂಜಾದಾಗ ಇಲ್ಲಿನ ವೈದ್ಯರು ಕಣ್ಣುಗುಡ್ಡೆಯೊಳಕ್ಕೇ ಔಷಧವನ್ನು ಚುಚ್ಚಬೇಕೆನ್ನುತ್ತಾರೆ. ಜರ್ಮನರು ‘ಇವೋಮ್’ ಎಂದು ಕರೆಯುವ ಈ ಚಿಕಿತ್ಸೆಯ ಹೆಸರು ಕೇಳಿದೊಡನೆ ಎದೆ ಝಲ್ಲೆನ್ನುವುದು ಸಹಜ. ಆದರೆ ಇದರ ಹಿಂದೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಸಾಧನೆಯಿದೆ. ಅದರ ಬಹುಭಾಗ ಜರ್ಮನ್ ವಿಜ್ಞಾನದ ಮಡಿಲಲ್ಲೇ ನಡೆದಿದೆ.

1850ರವರೆಗೆ ಜೀವಂತ ಕಣ್ಣಿನ ಒಳಭಾಗ ವೈದ್ಯರ ಪಾಲಿಗೆ ಕತ್ತಲೆಯ ಕೋಣೆಯಾಗಿತ್ತು. ಆ ವರ್ಷ ಕೋನಿಗ್ಸ್‌ಬರ್ಗಿನಲ್ಲಿದ್ದ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ರೂಪಿಸಿ ಅಲ್ಲಿಗೆ ಬೆಳಕು ಹಾಯಿಸಿದರು. ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಆ ಉಪಕರಣವನ್ನು ಆಧರಿಸಿ ನೇತ್ರವೈದ್ಯಕ್ಕೆ ಹೊಸ ಬುನಾದಿ ಹಾಕಿದರು. 1857ರಲ್ಲಿ ಹೈಡೆಲ್‌ಬರ್ಗಿನಲ್ಲಿ ಹುಟ್ಟಿದ ಜರ್ಮನ್ ನೇತ್ರವೈದ್ಯರ ಸಂಘ ಇಂದಿಗೂ ಕ್ರಿಯಾಶೀಲವಾಗಿದೆ. 1884ರಲ್ಲಿ ಅದೇ ಊರಿನ ಸಮ್ಮೇಳನದಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಅವರ ಶೋಧವನ್ನು ಪ್ರದರ್ಶಿಸಲಾಯಿತು: ಕೊಕೇನ್ ದ್ರಾವಣದ ಹನಿಗಳಿಂದ ಕಣ್ಣು ಜೋಮು ಹಿಡಿಯುತ್ತಿತ್ತು. ಇಂದು ಸೂಜಿಗೆ ಮುನ್ನ ಹಾಕುವ ಹನಿಮದ್ದಿನ ಮೂಲ ಅಲ್ಲಿದೆ.

ಸೋಂಕಿನ ವಿರುದ್ಧದ ಹೋರಾಟವೂ ಆ ಕಾಲದಲ್ಲೇ ಮೊದಲಾಯಿತು. ಲೈಪ್‌ಜಿಗ್‌ನ ಪ್ರಸೂತಿತಜ್ಞ ಕಾರ್ಲ್ ಕ್ರೆಡೆ 1880ರ ಸುಮಾರಿಗೆ ನವಜಾತ ಶಿಶುಗಳ ಕಣ್ಣಿಗೆ ಶೇ. 2ರ ಬೆಳ್ಳಿ ನೈಟ್ರೇಟ್ ಹನಿಸತೊಡಗಿ, ಅಸಂಖ್ಯ ಕಂದಮ್ಮಗಳನ್ನು ಕುರುಡಿನಿಂದ ಪಾರುಮಾಡಿದರು. ಸೋಂಕು ತಗಲುವ ಮೊದಲೇ ಕಣ್ಣಿನ ಮೇಲ್ಮೈಯನ್ನು ಶುದ್ಧಗೊಳಿಸಬೇಕೆಂಬ ಆ ತತ್ತ್ವವೇ ಇಂದಿನ ಪೊವಿಡೋನ್ ಅಯೋಡಿನ್ ಹನಿಯಲ್ಲಿ ಮುಂದುವರಿದಿದೆ.

1911 ಎರಡು ಕಾರಣಗಳಿಗಾಗಿ ಸ್ಮರಣೀಯ. ಕಳಚಿದ ಅಕ್ಷಿಪಟಲವನ್ನು ಸರಿಪಡಿಸಲು ಕಣ್ಣಿನೊಳಗಿನ ತಿಳಿ ಲೋಳೆಗೆ, ಅಂದರೆ ವಿಟ್ರಿಯಸ್ಸಿಗೆ, ಗಾಳಿಯನ್ನು ಚುಚ್ಚಿದ ಪ್ರಯೋಗವನ್ನು ಜರ್ಮನ್ ವೈದ್ಯ ಯೋಹಾನ್ನೆಸ್ ಓಮ್ ಪ್ರಕಟಿಸಿದರು. ಅದೇ ವರ್ಷ ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್ ಹೈಡೆಲ್‌ಬರ್ಗಿನಲ್ಲಿ ಸ್ಲಿಟ್ ಲ್ಯಾಂಪನ್ನು ಪರಿಚಯಿಸಿದರು. ಕಣ್ಣಿನೊಳಗೆ ಮದ್ದು ಕಳಿಸುವ ದಾರಿ, ಒಳಗಿನ ಅಪಾಯವನ್ನು ಕಾಣುವ ಬೆಳಕು, ಎರಡೂ ಜೊತೆಜೊತೆಯಾಗಿ ಬಂದವು.

ಆದರೂ ಒಳಸೋಂಕು ತಗಲಿದ ಕಣ್ಣು ಉಳಿಯುವುದು ದುರ್ಲಭವಾಗಿತ್ತು. ರಕ್ತದಿಂದ ಅಕ್ಷಿಪಟಲಕ್ಕೆ ಹೋಗುವ ದಾರಿಯಲ್ಲಿ ದೇಹವೇ ಕಟ್ಟಿದ ತಡೆಗೋಡೆಯಿರುವುದರಿಂದ, ನುಂಗಿದ ಮದ್ದು ಕಣ್ಣಿನೊಳಗೆ ಸಾಕಷ್ಟು ಸೇರುವುದಿಲ್ಲ. 1940ರ ದಶಕದಲ್ಲಿ ಪೆನಿಸಿಲಿನ್ನನ್ನು ನೇರವಾಗಿ ವಿಟ್ರಿಯಸ್ಸಿಗೆ ಚುಚ್ಚುವ ಪ್ರಯೋಗಗಳು ನಡೆದವು. ಮ್ಯೂನ್‌ಸ್ಟರ್‌ನಲ್ಲಿ ಜನಿಸಿದ ರಾಬರ್ಟ್ ಮಾಹೆಮರ್ 1970ರಲ್ಲಿ ಅಮೆರಿಕದ ಮಯಾಮಿಯಲ್ಲಿ, ಸಣ್ಣ ರಂಧ್ರದ ಮೂಲಕ ವಿಟ್ರಿಯಸ್ಸನ್ನೇ ಕತ್ತರಿಸಿ ಹೊರತೆಗೆಯುವ ವಿಟ್ರೆಕ್ಟಮಿಯನ್ನು ನೆರವೇರಿಸಿದರು. ಕೀವು ತುಂಬಿದ ಕಣ್ಣನ್ನು ಶುಚಿಗೊಳಿಸುವ ಮಾರ್ಗ ತೆರೆಯಿತು.

2000ದ ದಶಕದ ಮಧ್ಯದಲ್ಲಿ ಅಸಹಜ ರಕ್ತನಾಳಗಳನ್ನು ತಡೆಯುವ ಔಷಧಗಳು ಬಂದಾಗ ಕಣ್ಣಿನ ಚುಚ್ಚುಮದ್ದು ನಿತ್ಯದ ಚಿಕಿತ್ಸೆಯಾಯಿತು. ಸೋಂಕು ಸರಿಸುಮಾರು 2,000ದಿಂದ 3,000 ಚುಚ್ಚುಮದ್ದುಗಳಲ್ಲಿ ಒಂದಕ್ಕೆ ಮಾತ್ರ ತಗಲುವ ಅಪರೂಪದ ಸಂಗತಿ. ಆದರೆ ಒಬ್ಬರಿಗೇ ವರ್ಷಗಟ್ಟಲೆ ಹತ್ತಾರು ಬಾರಿ ಚುಚ್ಚಬೇಕಾಗುವುದರಿಂದ, ಇಪ್ಪತ್ತನೆಯ ಸಲವೂ ಮೊದಲ ಸಲದಷ್ಟೇ ಎಚ್ಚರ ಬೇಕು.

ಚುಚ್ಚಿದ ದಿನ ಕಣ್ಣು ಉರಿಯುವುದು, ಬಿಳಿಭಾಗದಲ್ಲಿ ರಕ್ತದ ಕಲೆ ಕಾಣುವುದು ಸಾಮಾನ್ಯ. ಅವು ತಾವಾಗಿ ಶಮನವಾಗುತ್ತವೆ. ಮುಂದಿನ ಕೆಲವು ದಿನಗಳಲ್ಲಿ ನೋವು ಏರುತ್ತ ಹೋದರೆ, ಕೆಂಪು ಹೆಚ್ಚಿದರೆ, ಬೆಳಕು ಸಹಿಸಲಾಗದಿದ್ದರೆ, ದೃಷ್ಟಿ ಕುಗ್ಗಿದರೆ ಅದು ಅಪಾಯದ ಸೂಚನೆ. ವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ ಕೀವಿನ ಪದರಕ್ಕಾಗಿ ಹುಡುಕುತ್ತಾರೆ; ಒಳಭಾಗ ಕಾಣದಷ್ಟು ಮಸುಕಾಗಿದ್ದರೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಸೋಂಕಿಲ್ಲದ ಉರಿಯೂತವೂ ಕೆಲವೊಮ್ಮೆ ಹೀಗೆಯೇ ತೋರುವುದುಂಟು. ಆದರೂ ಸಂಶಯವಿದ್ದರೆ ಸೋಂಕೆಂದೇ ಭಾವಿಸಿ ಚಿಕಿತ್ಸೆ ಆರಂಭಿಸುತ್ತಾರೆ. ವಿಟ್ರಿಯಸ್ಸಿನ ಮಾದರಿಯನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ವರದಿಗಾಗಿ ಕಾಯದೆ ಸಾಮಾನ್ಯವಾಗಿ ವ್ಯಾಂಕೊಮೈಸಿನ್ ಮತ್ತು ಸೆಫ್ಟಾಜಿಡೈಮ್ ಎಂಬ ಪ್ರತಿಜೀವಕಗಳನ್ನು ಕಣ್ಣಿನೊಳಗೆ ಚುಚ್ಚುತ್ತಾರೆ. ಸೋಂಕು ಒಳಹೊಕ್ಕ ದಾರಿಯಲ್ಲೇ ಅದರ ಮದ್ದೂ ಹೋಗುತ್ತದೆ! ತೀವ್ರವಾದ ಸೋಂಕಿಗೆ ಮಾಹೆಮರ್ ತೋರಿದ ಶಸ್ತ್ರಚಿಕಿತ್ಸೆಯೇ ಆಸರೆ.

ಇಂಥ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಬಾಯಿಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಬಹು ಕ್ರೂರಿ. ಆದ್ದರಿಂದಲೇ ಸೂಜಿ ಚುಚ್ಚುವಾಗ ಮಾತು ನಿಷಿದ್ಧ. ಹಿರಿಯರಿಗೆ ದುಭಾಷಿಗಳಾಗಿ ಜೊತೆಗೆ ಹೋಗುವ ನಾವು ಇದನ್ನು ಮರೆಯಬಾರದು: ಹೇಳಬೇಕಾದುದನ್ನೆಲ್ಲ ಮೊದಲೇ ಕನ್ನಡದಲ್ಲಿ ವಿವರಿಸಿ, ಆ ಕ್ಷಣ ಮೌನವಾಗಿರೋಣ.

ನಮ್ಮ ನಾಡಿಗೂ ಈ ನೋವು ಅಪರಿಚಿತವಲ್ಲ. 1896ರಷ್ಟು ಹಿಂದಿನ ಪರಂಪರೆಯುಳ್ಳ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯ ಬಳಿಕ ಸೋಂಕು ತಗಲಿ ಹಲವರು ದೃಷ್ಟಿ ಕಳೆದುಕೊಂಡರು. ಕಣ್ಣಿನೊಳಗೆ ಹೋಗುವ ಪ್ರತಿಯೊಂದು ಹನಿಯೂ ನಿರ್ಮಲವಾಗಿರಬೇಕೆಂಬುದು ಆ ದುರಂತ ಕಲಿಸಿದ ಪಾಠ.

“ನಾಳೆ ನೋಡೋಣ, ಮಕ್ಕಳಿಗೇಕೆ ತೊಂದರೆ” ಎಂದು ನೋವು ನುಂಗುವುದು ನಮ್ಮ ಹಿರಿಯರ ಸ್ವಭಾವ. ಈ ಸೋಂಕು ಮಾತ್ರ ನಾಳೆಯವರೆಗೆ ಕಾಯುವುದಿಲ್ಲ. ವಾರಾಂತ್ಯವಾದರೂ ಸರಿ, ಚುಚ್ಚುಮದ್ದು ನೀಡಿದ ಚಿಕಿತ್ಸಾಲಯ ಕೊಟ್ಟ ತುರ್ತುಸಂಖ್ಯೆಗೆ ಕರೆಮಾಡಿ. ಉತ್ತರ ದೊರೆಯದಿದ್ದರೆ 116117ಕ್ಕೆ ಕರೆಮಾಡಿ ಅಥವಾ ಸಮೀಪದ ವಿಶ್ವವಿದ್ಯಾಲಯದ ಕಣ್ಣಾಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ. ಹೆಲ್ಮ್‌ಹೋಲ್ಟ್ಸ್‌ರಿಂದ ಮಾಹೆಮರ್‌ವರೆಗೆ ಹಲವು ತಲೆಮಾರುಗಳು ಗಳಿಸಿದ ಜ್ಞಾನ ನಮ್ಮ ಮನೆಯ ಹಿರಿಯರಿಗೆ ಒದಗಬೇಕಾದರೆ, ಅವರು ಸಕಾಲದಲ್ಲಿ ವೈದ್ಯರ ಬಾಗಿಲು ತಲುಪಬೇಕು. ಅಲ್ಲಿಗೆ ಕರೆದೊಯ್ಯುವ ಹೊಣೆ ನಮ್ಮದು.