ಅಗೆಯದೆ ಅರಿಯುವ ವಿದ್ಯೆ

ಭೂಮಿಯ ಒಡಲಲ್ಲಿ ಹುದುಗಿದ ಪ್ರಾಚೀನಾವಶೇಷಗಳನ್ನು ತಿಳಿಯಲು ಅಗೆಯುವುದೊಂದೇ ಮಾರ್ಗವೆಂದು ವಿದ್ವಾಂಸರು ಬಹುಕಾಲ ಭಾವಿಸಿದ್ದರು. ಆದರೆ ಅಗೆತವೆಂಬುದು ಒಮ್ಮೆ ಓದಿ ಸುಟ್ಟುಬಿಡುವ ಓಲೆಯಂತೆ. ಕಿತ್ತ ಮಣ್ಣಿನ ಪದರಗಳನ್ನು ಮರಳಿ ಮೊದಲಿನಂತೆ ಜೋಡಿಸಲು ಬಾರದು.

ಈ ಕೊರತೆಯನ್ನು ನೀಗುವುದೇ ಭೂಭೌತಿಕ ಸಮೀಕ್ಷೆ. 1946ರಲ್ಲಿ ಥೇಮ್ಸ್ ತೀರದ ಡಾರ್ಚೆಸ್ಟರಿನಲ್ಲಿ ರಿಚರ್ಡ್ ಅಟ್ಕಿನ್ಸನ್ನರು ನೆಲದೊಳಗೆ ವಿದ್ಯುತ್ತನ್ನು ಹರಿಸಿ, ಅದಕ್ಕೆ ಒದಗುವ ತಡೆಯನ್ನು ಅಳೆದರು. ಕಲ್ಲಿನ ಅಡಿಪಾಯದಲ್ಲಿ ತಡೆ ಹೆಚ್ಚು. ತೇವವುಳ್ಳ ಹಳೆಯ ಕಂದಕದಲ್ಲಿ ಕಡಿಮೆ. ರೇಡಾರ್ ಯಂತ್ರವಾದರೋ ರೇಡಿಯೋ ಅಲೆಗಳನ್ನು ಕೆಳಗೆ ಕಳುಹಿಸಿ, ಅವು ಮರಳಿ ಬರುವ ಕಾಲದಿಂದ ಆಳವನ್ನು ಗಣಿಸುವುದು. ನಾಡಿ ಹಿಡಿದು ಒಳಗಿನ ರೋಗವನ್ನರಿಯುವ ವೈದ್ಯನ ರೀತಿ ಇದು.

ಇವೆರಡು ಮಾರ್ಗಗಳ ತಾರತಮ್ಯವನ್ನು ಷೇಕ್ಸ್‌ಪಿಯರ್ ಮಹಾಕವಿಯ ಸ್ಟ್ರಾಟ್‌ಫರ್ಡಿನಲ್ಲಿಯೇ ಕಾಣಬಹುದು. 1597ರಲ್ಲಿ ಕವಿಯು ಕೊಂಡ 'ನ್ಯೂ ಪ್ಲೇಸ್' ಎಂಬ ಮನೆ ಈಗಿಲ್ಲ. 1702ರ ವೇಳೆಗೆ ಕ್ಲಾಪ್ಟನ್ ಮನೆತನದವರು ಅದನ್ನು ಹೊಸದಾಗಿ ಕಟ್ಟಿಸಿದರು; 1759ರಲ್ಲಿ ಫ್ರಾನ್ಸಿಸ್ ಗ್ಯಾಸ್ಟ್ರೆಲ್ ಎಂಬ ಪಾದ್ರಿಯು ಆ ಹೊಸ ಮನೆಯನ್ನೂ ನೆಲಸಮ ಮಾಡಿಸಿದನು. ಅಲ್ಲಿ ಅಗೆಯಲು ಅಡ್ಡಿಯಿರಲಿಲ್ಲ. 2010ರಿಂದ ನಡೆದ ಉತ್ಖನನದಲ್ಲಿ ಕವಿಯ ಅಡಿಗೆಮನೆಯ ಒಲೆಯ ನೆಲೆಯೂ ಆಹಾರವನ್ನು ತಂಪಾಗಿಡುವ ಕುಣಿಯೂ ಬೆಳಕಿಗೆ ಬಂದುವು.

ಕವಿಯ ಸಮಾಧಿಯ ಮಾತು ಬೇರೆ. ಎಲುಬುಗಳನ್ನು ಕದಲಿಸಿದವನಿಗೆ ಶಾಪವುಂಟೆಂದು ಅದರ ಮೇಲಣ ಶಿಲೆಯೇ ಸಾರುತ್ತದೆ. 1794ರಲ್ಲಿ ಕಳ್ಳರು ಕವಿಯ ತಲೆಬುರುಡೆಯನ್ನು ಒಯ್ದರೆಂಬ ಕಥೆಯೊಂದು 1879ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅದರ ನಿಜಸ್ಥಿತಿಯನ್ನು ಅಗೆದು ನೋಡುವವರಾರು? ಕವಿಯು ಗತಿಸಿ 400 ವರ್ಷಗಳಾದ 2016ರಲ್ಲಿ ಕೆವಿನ್ ಕಾಲ್ಸ್, ಎರಿಕಾ ಉಟ್ಸಿ ಎಂಬ ಸಂಶೋಧಕರು ರೇಡಾರಿನಿಂದ ಪರೀಕ್ಷಿಸಿದ ಫಲಿತಗಳು ಆ ವರ್ಷ ಪ್ರಕಟವಾದುವು. ಒಂದು ಕಲ್ಲನ್ನೂ ಎತ್ತಲಿಲ್ಲ. ಸಮಾಧಿಯ ಆಳ ಒಂದು ಮೀಟರಿಗೂ ಕಡಿಮೆ. ಶವಪೆಟ್ಟಿಗೆಯ ಮೊಳೆಗಳ ಸುಳಿವಿಲ್ಲವಾದುದರಿಂದ ದೇಹವನ್ನು ಬಟ್ಟೆಯಲ್ಲಿ ಸುತ್ತಿ ಹೂಳಿರಬೇಕು. ತಲೆಯ ಕಡೆಯಲ್ಲಿ ಮಾತ್ರ ನೆಲ ಕದಡಿ, ದುರಸ್ತಿಯಾದ ಗುರುತಿದೆ.

ಇಷ್ಟರಿಂದ ಬುರುಡೆಯು ಕಳುವಾಯಿತೆಂದು ಹಲವರು ಸಾರಿದರು. ಯಂತ್ರವು ತೋರಿದುದು ಕದಡಿದ ನೆಲವನ್ನು, ಕದಡಿದವರಾರು, ಏತಕ್ಕೆಂಬುದನ್ನಲ್ಲ. ಬೀಯೋಲಿ ಗ್ರಾಮದ ಚರ್ಚಿನಲ್ಲಿದ್ದ, ಕವಿಯದೆಂದು ಪ್ರತೀತಿಯಿದ್ದ ಬುರುಡೆಯು ಪರೀಕ್ಷೆಯಲ್ಲಿ ಓರ್ವ ವೃದ್ಧಸ್ತ್ರೀಯದೆಂದು ತಿಳಿದುಬಂದುದು ಇಲ್ಲಿ ಸ್ಮರಣಾರ್ಹ. ಕಂಡುದನ್ನು ಕಂಡಷ್ಟೇ ಹೇಳುವ ಸಂಯಮವಿದ್ದರೆ ಮೃತರಿಗೆ ಸಲ್ಲುವ ಗೌರವವೂ ಚರಿತ್ರೆಗೆ ಸಲ್ಲುವ ಸತ್ಯವೂ ಒಟ್ಟಿಗೆ ಉಳಿಯಬಲ್ಲುವು.