ಬೇಡಿ ಯಾರ ಕೈಗೆ?

ದಸ್ತಗಿರಿಯಾದವನು ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅಷ್ಟೇ ನಿರ್ಬಂಧ, ಅದಕ್ಕಿಂತ ಹೆಚ್ಚು ಕೂಡದು ಅಂತ 1973ರ ದಂಡ ಪ್ರಕ್ರಿಯಾ ಸಂಹಿತೆಯ 49ನೇ ಕಲಮು ಪೊಲೀಸರಿಗೆ ಮಿತಿ ಹಾಕಿತ್ತು. ಈ ಮಿತಿಯ ಚರಿತ್ರೆ ಓದುವಾಗ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಇದು ಯಾರ ಮೈಯನ್ನು ಕಾಯಿತು?

ದೆಹಲಿಯಲ್ಲೂ ಜಾರಿಯಲ್ಲಿದ್ದ ಪಂಜಾಬ್ ಪೊಲೀಸ್ ನಿಯಮಗಳು ವಿಚಾರಣಾಧೀನ ಕೈದಿಗಳನ್ನು 'ಮೇಲ್ದರ್ಜೆ', 'ಸಾಮಾನ್ಯ' ಅಂತ ವಿಂಗಡಿಸಿದ್ದವು. ಅಂತಸ್ತು, ಓದು ಇದ್ದವನಿಗೆ ಅಗತ್ಯಬಿದ್ದರೆ ಮಾತ್ರ ಬೇಡಿ. ಅಂತಸ್ತು, ಓದು ಯಾವ ಜಾತಿಗಳ ಮನೆಯಲ್ಲಿದ್ದವು ಅಂತ ಬಿಡಿಸಿ ಹೇಳಬೇಕೆ? 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ಭೇದವನ್ನೇ ಕಿತ್ತುಹಾಕಿದರು. ಬೇಡಿ ಹಾಕುವ ಅಧಿಕಾರಿ ಕಾರಣ ಬರೆದಿಡಬೇಕು ಅಂದರು.

2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಬೇಡಿ ಹಾಕಬಹುದಾದವರ ಪಟ್ಟಿ ಕೊಡುತ್ತದೆ. ಅದರಲ್ಲಿ 'ರೂಢಿಗತ ಅಪರಾಧಿ'ಯೂ ಇದ್ದಾನೆ. ಈ ಪದಕ್ಕೊಂದು ವಂಶಾವಳಿಯಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರು ಅಂದಿತು. 1911ರಲ್ಲಿ ಮದ್ರಾಸಿಗೂ ಹಬ್ಬಿ ಕೊರಚರನ್ನು ಹಿಡಿಯಿತು. 1952ರಲ್ಲಿ ಅದು ರದ್ದಾಯಿತು. ಆದರೆ ಜಾತಿಯ ಹೆಸರು ಅಳಿಸಿದ ಜಾಗದಲ್ಲಿ ರಾಜ್ಯಗಳು 'ರೂಢಿಗತ ಅಪರಾಧಿ' ಅಂತ ಬರೆದುಕೊಂಡವು. 2024ರ ಅಕ್ಟೋಬರಿನಲ್ಲಿ ಜೈಲು ಕೈಪಿಡಿಗಳ ಜಾತಿಭೇದವನ್ನು ರದ್ದುಮಾಡಿದ ಸುಪ್ರೀಂ ಕೋರ್ಟೇ, ಈ ಪದ ವಿಮುಕ್ತ ಬುಡಕಟ್ಟುಗಳ ಮೇಲೆ ಹೇಗೆ ಬಿದ್ದಿದೆ ಅಂತ ಗುರುತಿಸಿತು.

1980ರಲ್ಲಿ ಮುಂಬಾಗಿಲಿಂದ ಹೊರಹೋದ ದರ್ಜೆ ಹಿತ್ತಿಲಿಂದ ಒಳಬಂದಿದೆ. ಕಾದಂಬರಿಯಲ್ಲಿ ಜಾತಿ ಎಲ್ಲಿ ಅಡಗಿದೆ ಅಂತ ಹುಡುಕುವ ನಮ್ಮ ವಿಮರ್ಶೆ ಈ ಕಲಮುಗಳನ್ನೂ ಅದೇ ಕಣ್ಣಿಂದ ಓದಬೇಕಾಗಿದೆ.